ಚಂದ್ರಲೋಕದ ವಾಗ್ದಾನ: ಮಾತು ಮತ್ತು ಹೊಣೆ

ಆಡಿದ ಮಾತಿಗೆ ಆಡಿದವನೇ ಹೊಣೆ ಎಂಬುದು ಲೋಕವ್ಯವಹಾರದ ಮೊದಲ ನೀತಿ. ಬಿತ್ತನೆಯ ಹೊತ್ತಿಗೆ ಎತ್ತು ಕೊಡುತ್ತೇನೆಂದು ಒಪ್ಪಿಕೊಂಡ ನೆರೆಯವನು ಕೊಡದೆ ಹೋದರೆ ಊರಿನ ನಾಲ್ಕು ಜನ ಅವನನ್ನು ಕೇಳುತ್ತಾರೆ. ಮುಂದಿನ ಸಲ ಅವನ ಮಾತಿಗೆ ಬೆಲೆ ಇಳಿಯುತ್ತದೆ. ರಾಜಕಾರಣದಲ್ಲಿಯೂ ರಸ್ತೆ, ಕುಡಿಯುವ ನೀರು, ಶಾಲೆಗಳ ವಿಷಯವಾಗಿ ಕೊಟ್ಟ ಆಶ್ವಾಸನೆಯನ್ನು ಮತದಾರನು ತನ್ನ ಕಣ್ಣಿನಿಂದಲೇ ಪರೀಕ್ಷಿಸಬಲ್ಲನು. ಆದರೆ ಆಶ್ವಾಸನೆಯ ವಸ್ತು ಭೂಮಿಯಿಂದ ಸುಮಾರು 3,84,400 ಕಿಲೋಮೀಟರ್ ದೂರದಲ್ಲಿದ್ದು, ಅದರ ಗಡುವು ಆಡಿದವನ ಅಧಿಕಾರಾವಧಿಯ ಕೊನೆಯಲ್ಲಿಯೋ ಆಚೆಯಲ್ಲಿಯೋ ಇದ್ದರೆ ಈ ಪರೀಕ್ಷೆ ನಡೆಯುವುದು ಹೇಗೆ? ಚಂದ್ರನ ಮೇಲೆ ನೆಲೆ ಕಟ್ಟುತ್ತೇವೆ, ಮಂಗಳಕ್ಕೆ ಮನುಷ್ಯನನ್ನು ಕಳಿಸುತ್ತೇವೆ ಎಂದು ರಾಜಕಾರಣಿಗಳು ಕೊಡುತ್ತ ಬಂದಿರುವ ವಚನಗಳನ್ನು ವಿಮರ್ಶಿಸಬೇಕಾದದ್ದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು.

ಇಂಥ ವಚನಗಳಲ್ಲಿ ಬಹಳ ಪ್ರಸಿದ್ಧವಾದದ್ದೊಂದು 2012ರ ಜನವರಿ 25ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಕೋಕೋ ಎಂಬ ಊರಿನಲ್ಲಿ ಕೇಳಿಬಂದಿತು. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಹೊರಟಿದ್ದ ನ್ಯೂಟ್ ಗಿಂಗ್ರಿಚ್ ಅಲ್ಲಿನ ಸಭೆಯಲ್ಲಿ, ತನ್ನ ಎರಡನೆಯ ಅಧಿಕಾರಾವಧಿ ಮುಗಿಯುವುದರೊಳಗೆ ಚಂದ್ರನ ಮೇಲೆ ಮೊದಲ ಶಾಶ್ವತ ನೆಲೆ ಸ್ಥಾಪನೆಯಾಗುವುದೆಂದೂ ಅದು ಅಮೆರಿಕದ್ದೇ ಆಗಿರುವುದೆಂದೂ ಸಾರಿದರು. ಆ ನೆಲದಲ್ಲಿ 13,000 ಅಮೆರಿಕನ್ನರು ವಾಸಮಾಡತೊಡಗಿದ ಮೇಲೆ ಅವರು ಒಂದು ರಾಜ್ಯವಾಗಲು ಅರ್ಜಿ ಸಲ್ಲಿಸಬಹುದೆಂದು ತಾವು ಹಿಂದೆ ಸೂಚಿಸಿದ್ದುದನ್ನೂ ಅವರು ನೆನಪಿಸಿದರು. ಕನಸು ಅತಿಯಾಯಿತೆಂಬ ಆಕ್ಷೇಪವನ್ನು ಮೊದಲೇ ಊಹಿಸಿ, ಲಿಂಕನ್, ರೈಟ್ ಸಹೋದರರು, ಕೆನಡಿ ಇವರೆಲ್ಲರೂ ಅಂಥ ಕನಸುಗಾರರೇ ಎಂದು ಉತ್ತರವನ್ನೂ ಕೊಟ್ಟುಬಿಟ್ಟರು.

ಈ ಮಾತನ್ನು ಕೇವಲ ಹಾಸ್ಯದ ವಸ್ತುವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗಿಂಗ್ರಿಚ್ ಅವರಿಗೆ ಆಕಾಶದ ಆಸಕ್ತಿ ಚುನಾವಣೆಯ ಹೊತ್ತಿಗೆ ಹುಟ್ಟಿದ್ದಲ್ಲ. 1981ರಲ್ಲಿಯೇ, ಪ್ರತಿನಿಧಿ ಸಭೆಯ ಕಿರಿಯ ಸದಸ್ಯರಾಗಿದ್ದಾಗ, ಬಾಹ್ಯಾಕಾಶದ ವಸತಿಗಳಿಗೆ ಸ್ವಯಮಾಡಳಿತ ಕೊಡುವ ಅಂಶವುಳ್ಳ ಮಸೂದೆಯೊಂದನ್ನು ಅವರು ಮಂಡಿಸಿದ್ದರು. ಮೂವತ್ತು ವರ್ಷ ಒಂದೇ ಕನಸನ್ನು ಹೊತ್ತು ನಡೆದವನನ್ನು ಕಪಟಿ ಎನ್ನಲಾಗದು. ಪ್ರಾಮಾಣಿಕವಾಗಿ ನಂಬಿದ ಮನುಷ್ಯನೂ ಅಸತ್ಯವಾದ ವಚನವನ್ನು ಕೊಡಬಲ್ಲನೆಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ. ನಂಬಿಕೆ ಅಂತರಂಗದ ವಿಷಯ. ವಚನವಾದರೋ ಇನ್ನೊಬ್ಬರ ಬದುಕನ್ನು ಮುಟ್ಟುವ ಕ್ರಿಯೆ. ಮೊದಲನೆಯದು ಶುದ್ಧವಾಗಿದ್ದ ಮಾತ್ರಕ್ಕೆ ಎರಡನೆಯದು ಶುದ್ಧವಾಗುವುದಿಲ್ಲ.

ವಚನ ಎಲ್ಲಿ ಆಡಲ್ಪಟ್ಟಿತು, ಯಾರ ಮುಂದೆ ಆಡಲ್ಪಟ್ಟಿತು ಎಂಬುದನ್ನು ಗಮನಿಸಬೇಕು. ಕೋಕೋ ಊರು ಕೆನಡಿ ಬಾಹ್ಯಾಕಾಶ ಕೇಂದ್ರದ ನೆರೆಯಲ್ಲಿದೆ. ಮೂವತ್ತು ವರ್ಷ ಹಾರಾಡಿದ ಷಟಲ್ ನೌಕೆಗಳು 2011ರ ಜುಲೈ 21ರಂದು ಅಟ್ಲಾಂಟಿಸ್ ನೆಲಕ್ಕಿಳಿಯುವುದರೊಂದಿಗೆ ವಿಶ್ರಾಂತಿ ಪಡೆದವು. ಅವುಗಳನ್ನು ಸಜ್ಜುಗೊಳಿಸುತ್ತಿದ್ದ ಸಾವಿರಾರು ಎಂಜಿನಿಯರರೂ ಕೆಲಸಗಾರರೂ ಉದ್ಯೋಗ ಕಳೆದುಕೊಂಡರು. ಆ ಕರಾವಳಿಯ ಮನೆಮನೆಯಲ್ಲಿಯೂ ಮುಂದೇನೆಂಬ ಚಿಂತೆ ಕವಿದಿದ್ದ ಕಾಲ ಅದು. ಚಿಂತೆಯಲ್ಲಿರುವವನಿಗೆ ಆಡುವ ಮಾತು ಹೆಚ್ಚು ತೂಕದ್ದಾಗಿರಬೇಕು. ಏಕೆಂದರೆ ಅವನು ಅದನ್ನು ಹಗುರವಾಗಿ ಕೇಳಿಸಿಕೊಳ್ಳಲಾರ. ಮನೆಯನ್ನು ಮಾರಿ ಬೇರೆ ಊರಿಗೆ ಹೋಗುವುದೋ, ಇನ್ನೆರಡು ವರ್ಷ ಕಾದು ನೋಡುವುದೋ ಎಂದು ಯೋಚಿಸುತ್ತಿರುವ ಗೃಹಸ್ಥನಿಗೆ ಎಂಟು ವರ್ಷಗಳಲ್ಲಿ ಚಂದ್ರನ ಮೇಲೆ ನೆಲೆ ಎಂಬ ಮಾತು ಅಲಂಕಾರವಲ್ಲ, ಅವನ ನಿರ್ಧಾರವನ್ನು ತಿರುಗಿಸಬಲ್ಲ ಸುದ್ದಿ.

ಇನ್ನು ವಚನದ ಒಳಗನ್ನು ನೋಡಬೇಕು. ಗಿಂಗ್ರಿಚ್ ಅವರು ಆ ವರ್ಷ ಗೆದ್ದು ಮರು ಆಯ್ಕೆಯನ್ನೂ ಪಡೆದಿದ್ದರೆ ಅವರ ಎರಡನೆಯ ಅವಧಿ 2021ರ ಜನವರಿಯಲ್ಲಿ ಮುಗಿಯುತ್ತಿತ್ತು. ಹಾಗಾದರೆ ಅವಕಾಶ ಎಂಟು ವರ್ಷ. ವಚನ ಹೊರಟ ದಿನ ಅಮೆರಿಕದ ಕೈಯಲ್ಲಿ ಮನುಷ್ಯನನ್ನು ಭೂಮಿಯ ಸಮೀಪದ ಕಕ್ಷೆಗೆ ಒಯ್ಯುವ ಸ್ವಂತ ವಾಹನವೂ ಇರಲಿಲ್ಲ. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಲು ಆ ದೇಶದ ಯಾತ್ರಿಗಳು ರಷ್ಯದ ಸೊಯೂಜ್ ನೌಕೆಯಲ್ಲಿ ಸ್ಥಳ ಕೊಳ್ಳಬೇಕಾಗಿತ್ತು. ಈ ಸ್ಥಿತಿ 2020ರ ಮೇ ತಿಂಗಳವರೆಗೂ ಮುಂದುವರಿಯಿತು. ಆ ನಿಲ್ದಾಣದಲ್ಲಿ ಆಗ ಇದ್ದವರು ಆರು ಮಂದಿ. ಅವರ ಆಹಾರ, ಬಿಡಿಭಾಗ, ನೀರಿನ ಕೊರತೆ ಎಲ್ಲವೂ ಭೂಮಿಯಿಂದಲೇ ತುಂಬಿಬರಬೇಕಾಗಿತ್ತು. ಆರು ಮಂದಿಯಿಂದ ಹದಿಮೂರು ಸಾವಿರಕ್ಕೆ, 400 ಕಿಲೋಮೀಟರಿನಿಂದ ಮೂರು ಲಕ್ಷ ಎಂಬತ್ತು ಸಾವಿರಕ್ಕೆ ಹೋಗುವ ದಾರಿಯ ಲೆಕ್ಕ ಆ ಭಾಷಣದಲ್ಲಿ ಸಿಗುವುದಿಲ್ಲ.

ಚಂದ್ರನ ಸ್ವಭಾವವಾದರೂ ಆತುರಕ್ಕೆ ಒಪ್ಪುವಂಥದಲ್ಲ. ಅಲ್ಲಿ ಹಗಲು ಭೂಮಿಯ ಹದಿನಾಲ್ಕು ದಿನಗಳಷ್ಟು, ಇರುಳೂ ಅಷ್ಟೇ ಉದ್ದ. ಹಗಲಿನಲ್ಲಿ ನೆಲ ನೀರು ಕುದಿಯುವ ಉಷ್ಣತೆಯನ್ನು ಮೀರಿ ಕಾಯುತ್ತದೆ. ಇರುಳಿನಲ್ಲಿ ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿಳಿಯುತ್ತದೆ. ಸೂರ್ಯನ ಕಿರಣಗಳನ್ನೂ ವಿಶ್ವಕಿರಣಗಳನ್ನೂ ತಡೆಯುವ ವಾಯುಮಂಡಲವಿಲ್ಲ, ಕಾಂತಕ್ಷೇತ್ರದ ಆಸರೆಯೂ ಇಲ್ಲ. ಸವೆಯದ ಮೊನೆಗಳುಳ್ಳ ನುಣುಪು ಧೂಳು ಉಡುಗೆಯ ಸಂದುಗಳಲ್ಲಿಯೂ ಯಂತ್ರದ ಕೀಲುಗಳಲ್ಲಿಯೂ ಸೇರಿ ಉಜ್ಜುತ್ತದೆ. 1969ರಿಂದ 1972ರ ವರೆಗೆ ಹನ್ನೆರಡು ಮಂದಿ ಮಾತ್ರ ಅಲ್ಲಿ ನಡೆದಾಡಿದ್ದಾರೆ. ಅವರಲ್ಲಿ ಬಹುಕಾಲ ತಂಗಿದವರೆಂದರೆ ಅಪೊಲೊ 17ರ ಇಬ್ಬರು. ಅವರೂ ಅಲ್ಲಿದ್ದುದು ಸುಮಾರು 75 ಗಂಟೆ. ಮನುಷ್ಯನು ಚಂದ್ರನ ಒಂದು ಇರುಳನ್ನೂ ಅಲ್ಲಿ ಕಳೆದಿಲ್ಲವೆಂಬುದನ್ನು ನೆನೆದರೆ ಶಾಶ್ವತ ನೆಲೆ ಎಂಬ ಮಾತಿನಲ್ಲಿ ಶಾಶ್ವತ ಎಂಬ ವಿಶೇಷಣ ಎಷ್ಟು ಭಾರವಾದದ್ದೆಂದು ತಿಳಿಯುತ್ತದೆ.

ಹಣದ ವಿಷಯಕ್ಕೆ ಬಂದರೆ, ಗಿಂಗ್ರಿಚ್ ಅವರ ಉಪಾಯವೆಂದರೆ ನಾಸಾ ಸಂಸ್ಥೆಯ ಆಯವ್ಯಯದ ಹತ್ತನೆಯ ಒಂದು ಪಾಲನ್ನು ಬಹುಮಾನಗಳಾಗಿ ಇಟ್ಟು ಖಾಸಗಿ ಸಾಹಸಿಗಳನ್ನು ಹುರಿದುಂಬಿಸುವುದು. 2012ರಲ್ಲಿ ಆ ಸಂಸ್ಥೆಯ ಆಯವ್ಯಯ ಸುಮಾರು 1,780 ಕೋಟಿ ಡಾಲರು. ಅದರ ಹತ್ತನೆಯ ಒಂದು ಪಾಲು 178 ಕೋಟಿ. ಎಂಟು ವರ್ಷಕ್ಕೆ 1,400 ಕೋಟಿಗಿಂತ ತುಸು ಹೆಚ್ಚು. ಹನ್ನೆರಡು ಮಂದಿಯನ್ನು ಕೆಲವು ಗಂಟೆ, ಕೆಲವು ದಿನಗಳ ಮಟ್ಟಿಗೆ ಇಳಿಸಿ ಮರಳಿ ಕರೆತಂದ ಅಪೊಲೊ ಯೋಜನೆಗೆ ಅಂದಿನ ಬೆಲೆಯಲ್ಲಿಯೇ ಸುಮಾರು 2,500 ಕೋಟಿ ಡಾಲರು ತಗುಲಿತ್ತು. ಬಹುಮಾನದ ಆಸೆಗೆ ಖಾಸಗಿಯವರು ತಮ್ಮ ಹಣ ಸೇರಿಸುವರೆಂದು ಒಪ್ಪಿದರೂ ಈ ಅಂತರ ತುಂಬುವ ಬಗೆ ಸ್ಪಷ್ಟವಾಗುವುದಿಲ್ಲ. ಉಪಾಯದಲ್ಲಿ ವಿವೇಕವಿಲ್ಲವೆಂದಲ್ಲ, ಖಾಸಗಿ ಸಂಸ್ಥೆಗಳು ಉಡಾವಣೆಯ ವೆಚ್ಚವನ್ನು ಇಳಿಸಿದ್ದನ್ನು ಮುಂದಿನ ವರ್ಷಗಳು ತೋರಿಸಿದವು. ಆದರೆ ಉಪಾಯವೊಂದು ಒಳ್ಳೆಯದಾಗಿರುವುದು ಬೇರೆ, ಅದು ಇಂಥ ದಿನಕ್ಕೆ ಇಂಥ ಫಲ ಕೊಟ್ಟೇ ಕೊಡುವುದೆಂದು ಮಾತು ಕೊಡುವುದು ಬೇರೆ.

ಮರುದಿನ ಜಾಕ್ಸನ್‌ವಿಲ್ ನಗರದಲ್ಲಿ ನಡೆದ ಚರ್ಚೆಯಲ್ಲಿ ಇತರ ಅಭ್ಯರ್ಥಿಗಳು ಈ ವಚನವನ್ನು ಖಂಡಿಸಿದರು. ಮಿಟ್ ರಾಮ್ನಿ ಅವರು, ತಮ್ಮ ಕೈಕೆಳಗಿನ ಅಧಿಕಾರಿಯೊಬ್ಬನು ಚಂದ್ರನ ಮೇಲೆ ವಸತಿಗಾಗಿ ಕೆಲವು ನೂರು ಶತಕೋಟಿ ಡಾಲರು ಕೇಳಿದ್ದರೆ ಅವನನ್ನು ಕೆಲಸದಿಂದ ತೆಗೆಯುತ್ತಿದ್ದೆನೆಂದರು. ಒಂದು ರಾಜ್ಯದಲ್ಲಿ ಹೆದ್ದಾರಿ, ಇನ್ನೊಂದರಲ್ಲಿ ಆಸ್ಪತ್ರೆ, ಇಲ್ಲಿ ಚಂದ್ರ ಎಂದು ಹೋದಹೋದಲ್ಲಿ ಅಲ್ಲಿನವರಿಗೆ ಬೇಕಾದುದನ್ನು ಹಂಚುತ್ತ ಹೋಗುವ ರೀತಿಯನ್ನೂ ಅವರು ಎತ್ತಿ ತೋರಿಸಿದರು. ರಾನ್ ಪಾಲ್ ಅವರು ಕೆಲವು ರಾಜಕಾರಣಿಗಳನ್ನೇ ಅಲ್ಲಿಗೆ ಕಳಿಸಿದರಾಯಿತೆಂದು ನಗೆಯಾಡಿದರು. ಜನವರಿ 31ರ ಮತದಾನದಲ್ಲಿ ರಾಮ್ನಿ ಸುಲಭವಾಗಿ ಗೆದ್ದರು. ಮೇ 2ರಂದು ಗಿಂಗ್ರಿಚ್ ಕಣದಿಂದ ಹಿಂದೆ ಸರಿದರು. ಹೀಗೆ ಆ ವಚನಕ್ಕೆ ಪರೀಕ್ಷೆಯ ದಿನವೇ ಬರಲಿಲ್ಲ.

ವಿರೋಧಿಗಳ ಉತ್ತರವೂ ವಿಮರ್ಶೆಗೆ ಹೊರತಲ್ಲ. ಅವರ ಆಕ್ಷೇಪ ಬಹುಪಾಲು ವೆಚ್ಚದ ಮೇಲೆ ನಿಂತಿತ್ತು. ವೆಚ್ಚ ಹೆಚ್ಚೆಂಬ ಒಂದೇ ಕಾರಣಕ್ಕೆ ಯಾವ ಕಾರ್ಯವೂ ಹೇಯವಾಗುವುದಿಲ್ಲ. ಜ್ಞಾನಕ್ಕಾಗಿ ಮಾಡುವ ವೆಚ್ಚವನ್ನು ಅಂಗಡಿಯ ಲಾಭನಷ್ಟದ ತಕ್ಕಡಿಯಲ್ಲಿ ತೂಗಿದರೆ ದೂರದರ್ಶಕವೂ ನಷ್ಟ, ಗ್ರಂಥಾಲಯವೂ ನಷ್ಟ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದು: ಈ ವಚನದ ಭಾರವನ್ನು ಹೊರುವವರು ಯಾರು, ಫಲವನ್ನು ಉಣ್ಣುವವರು ಯಾರು, ಇವೆರಡನ್ನೂ ಕೇಳುಗರಿಗೆ ತಿಳಿಸಲಾಗಿದೆಯೆ?

ವ್ರತಕ್ಕೂ ರಾಜಕೀಯ ಆಶ್ವಾಸನೆಗೂ ಇರುವ ಭೇದ ಇಲ್ಲಿಯೇ ಕಾಣುತ್ತದೆ. ವ್ರತ ತೊಟ್ಟವನು ಅದರ ಕಷ್ಟವನ್ನು ತಾನೇ ಉಣ್ಣುತ್ತಾನೆ. ಆದ್ದರಿಂದಲೇ ತನ್ನ ಶಕ್ತಿಯನ್ನು ಅಳೆದು, ಅವಧಿಯನ್ನೂ ಮಿತಿಯನ್ನೂ ಗೊತ್ತುಮಾಡಿಕೊಂಡು ತೊಡುತ್ತಾನೆ. ಆಕಾಶದ ಆಶ್ವಾಸನೆಯಲ್ಲಿ ಫಲ ಮೊದಲು, ಕಷ್ಟ ಅನಂತರ. ಫಲವಾದ ಮತವೂ ಕೀರ್ತಿಯೂ ಆಡಿದವನಿಗೆ ಅಂದೇ ಸಲ್ಲುತ್ತವೆ. ಕಷ್ಟ ಮುಂದೆ ಬರುವ ಅಧಿಕಾರಿಗೆ, ತೆರಿಗೆ ಕೊಡುವವನಿಗೆ, ಗಡುವಿನ ಕೆಳಗೆ ದುಡಿಯುವ ಎಂಜಿನಿಯರನಿಗೆ, ಕೊನೆಗೆ ನೌಕೆಯಲ್ಲಿ ಕುಳಿತು ಹೋಗುವವನಿಗೆ. ಇನ್ನೊಬ್ಬನ ಬೆನ್ನಿನ ಮೇಲೆ ಹೊರೆ ಹೇರಿ ತಾನು ಪ್ರತಿಜ್ಞೆ ಮಾಡುವುದು ಸುಲಭ.

ಈ ಮಾತುಗಳಿಗೆಲ್ಲ ಮಾದರಿಯೆಂದು ಹೆಸರಾದದ್ದು ಜಾನ್ ಕೆನಡಿ ಅವರ 1961ರ ಮೇ 25ರ ಭಾಷಣ. ಆ ದಶಕ ಮುಗಿಯುವ ಮೊದಲು ಮನುಷ್ಯನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಮರಳಿ ತರುವ ಗುರಿಯನ್ನು ಅವರು ದೇಶದ ಮುಂದಿಟ್ಟರು. ಆದರೆ ಅದನ್ನು ಅನುಕರಿಸಿದವರು ಮರೆತ ಭಾಗವೊಂದು ಅದೇ ಭಾಷಣದಲ್ಲಿದೆ. ಅವರು ಮಾತನಾಡಿದ್ದು ಚುನಾವಣೆಯ ಸಭೆಯಲ್ಲಲ್ಲ, ಹಣ ಕೊಡುವ ಅಧಿಕಾರವುಳ್ಳ ಶಾಸನಸಭೆಯ ಮುಂದೆ. ಮುಂದಿನ ಐದು ವರ್ಷಗಳಲ್ಲಿ 700ರಿಂದ 900 ಕೋಟಿ ಡಾಲರುಗಳಷ್ಟು ಹೆಚ್ಚುವರಿ ಹೊರೆ ಬೀಳುವುದೆಂದು ಅಂಕಿಯನ್ನು ಕೊಟ್ಟು ಹೇಳಿದರು. ಅರ್ಧದಾರಿಯಲ್ಲಿ ನಿಲ್ಲುವುದಾದರೆ ಹೊರಡದಿರುವುದೇ ಲೇಸೆಂದು ಎಚ್ಚರಿಸಿದರು. ಅಂಕಿ ಕಡಿಮೆಯಾಯಿತೆಂಬುದು ಆಮೇಲೆ ತಿಳಿದ ಮಾತು. ಭಾರವನ್ನು ಮರೆಮಾಚಲಿಲ್ಲವೆಂಬುದು ಮುಖ್ಯ. ಆ ಹೊರೆಯನ್ನು ದೇಶ ನಿಜವಾಗಿಯೂ ಹೊತ್ತಿತು: 1966ರಲ್ಲಿ ಒಕ್ಕೂಟ ಸರಕಾರದ ವೆಚ್ಚದ ಶೇಕಡಾ 4ಕ್ಕೂ ಹೆಚ್ಚು ಪಾಲು ನಾಸಾ ಸಂಸ್ಥೆಗೆ ಹೋಗುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಶೇಕಡಾ ಅರ್ಧವನ್ನೂ ಮುಟ್ಟಿಲ್ಲ.

ಹಾಗೆಂದು ಕೆನಡಿ ಅವರ ವಚನವೂ ನಿಷ್ಕಳಂಕವಲ್ಲ. ಸೋವಿಯತ್ ರಷ್ಯವನ್ನು ಹಿಂದಿಕ್ಕುವ ಸ್ಪರ್ಧೆ ಅದರ ಬೇರಿನಲ್ಲಿತ್ತು. ಜ್ಞಾನದ ಮಾತು ಹೊರಗಿದ್ದರೂ ಒಳಗಿನ ಚಾಲಕಶಕ್ತಿ ಮಾತ್ಸರ್ಯವಾಗಿತ್ತೆಂಬುದನ್ನು 1962ರ ನವೆಂಬರಿನಲ್ಲಿ ನಾಸಾ ಮುಖ್ಯಸ್ಥರೊಂದಿಗೆ ನಡೆದ ಅವರ ಸಂಭಾಷಣೆಯ ಧ್ವನಿಮುದ್ರಣ ತೋರಿಸುತ್ತದೆ. ಸ್ಪರ್ಧೆಯಿಂದ ಹುಟ್ಟಿದ ಕಾರ್ಯ ಸ್ಪರ್ಧೆ ಮುಗಿದೊಡನೆ ಬಾಡುತ್ತದೆ. 1969ರ ಜುಲೈ 20ರಂದು ಗುರಿ ಸಾಧಿತವಾಯಿತು. 1972ರ ಡಿಸೆಂಬರಿನ ನಂತರ ಆ ನೆಲದಲ್ಲಿ ಮನುಷ್ಯನ ಹೆಜ್ಜೆ ಮೂಡಿಲ್ಲ.

ಮುಂದಿನ ಕಥೆ ತಪ್ಪಿದ ಗಡುವುಗಳ ಸರಣಿ. 1989ರ ಜುಲೈ 20ರಂದು ಹಿರಿಯ ಜಾರ್ಜ್ ಬುಷ್ ಅವರು ಚಂದ್ರನಿಗೆ ಮರಳಿ ಹೋಗಿ ಅಲ್ಲಿಯೇ ನೆಲೆಸುವುದಾಗಿಯೂ ಅನಂತರ ಮಂಗಳಕ್ಕೆ ಹೋಗುವುದಾಗಿಯೂ ಘೋಷಿಸಿದರು. ಮರುವರ್ಷ, ಚಂದ್ರಾರೋಹಣದ ಐವತ್ತನೆಯ ವರ್ಷವಾದ 2019ರೊಳಗೆ ಮಂಗಳದ ಮೇಲೆ ಧ್ವಜ ನೆಡಬೇಕೆಂದರು. ಸುಮಾರು 50,000 ಕೋಟಿ ಡಾಲರು ಬೇಕಾಗುವುದೆಂಬ ಅಂದಾಜು ಹೊರಬಿದ್ದೊಡನೆ ಶಾಸನಸಭೆ ಹಿಂಜರಿಯಿತು. 2004ರ ಜನವರಿ 14ರಂದು ಅವರ ಮಗ ಕಿರಿಯ ಬುಷ್ ಅವರು 2020ರೊಳಗೆ ಚಂದ್ರನಿಗೆ ಮರಳುವ ಮಾತು ಕೊಟ್ಟರು. ಸುಮಾರು 900 ಕೋಟಿ ಡಾಲರು ವೆಚ್ಚವಾದ ಮೇಲೆ 2010ರಲ್ಲಿ ಬರಾಕ್ ಒಬಾಮ ಅವರ ಸರಕಾರ ಆ ಯೋಜನೆಯನ್ನು ಕೈಬಿಟ್ಟು, 2025ರ ಹೊತ್ತಿಗೆ ಕ್ಷುದ್ರಗ್ರಹವೊಂದಕ್ಕೆ ಮನುಷ್ಯರನ್ನು ಕಳಿಸುವುದಾಗಿ ಹೇಳಿತು. ಅದೂ ನಡೆಯಲಿಲ್ಲ. 2019ರ ಮಾರ್ಚ್ 26ರಂದು ಉಪಾಧ್ಯಕ್ಷ ಮೈಕ್ ಪೆನ್ಸ್ ಅವರು ಐದು ವರ್ಷಗಳೊಳಗೆ ಅಮೆರಿಕನ್ನರು ಮತ್ತೆ ಚಂದ್ರನ ಮೇಲಿಳಿಯುವರೆಂದರು. 2022ರ ನವೆಂಬರಿನಲ್ಲಿ ಆರ್ಟೆಮಿಸ್ ಯೋಜನೆಯ ನಿರ್ಜನ ನೌಕೆ ಚಂದ್ರನ ಸುತ್ತ ಹೋಗಿ ಬಂದಿತು. 2024 ಮಾತ್ರ ಯಾರ ಹೆಜ್ಜೆಯೂ ಬೀಳದೆ ಕಳೆಯಿತು. ಮೊದಲ ನಾಲ್ಕು ಯಾನಗಳಲ್ಲಿ ಒಂದೊಂದರ ಉಡಾವಣೆಗೆ ಸುಮಾರು 410 ಕೋಟಿ ಡಾಲರು ಬೀಳುವುದೆಂದು ನಾಸಾ ಸಂಸ್ಥೆಯ ಲೆಕ್ಕಪರಿಶೀಲಕರೇ 2022ರಲ್ಲಿ ತಿಳಿಸಿದ್ದರು.

ಗಡುವು ತಪ್ಪಿದರೆ ನಷ್ಟವೇನು, ಮುಂದೊಮ್ಮೆ ಆದೀತು ಎನ್ನುವವರುಂಟು. ನಷ್ಟ ಎರಡು ಬಗೆಯದು. ಒಂದು, ಪ್ರತಿಯೊಬ್ಬ ಅಧ್ಯಕ್ಷನೂ ಹಿಂದಿನವನ ಗುರಿಯನ್ನು ಅಳಿಸಿ ತನ್ನದನ್ನು ಬರೆಯುವುದರಿಂದ ಅರ್ಧ ಕಟ್ಟಿದ ಯಂತ್ರಗಳೂ ಅರ್ಧ ಕಲಿತ ವಿದ್ಯೆಯೂ ಮೂಲೆಗೆ ಬೀಳುತ್ತವೆ. ಎರಡನೆಯದು ಘೋರವಾದದ್ದು. ಗಡುವನ್ನು ಗೌರವದ ಪ್ರಶ್ನೆಯಾಗಿ ಮಾಡಿಕೊಂಡಾಗ ಎಚ್ಚರದ ಮಾತು ಹಿಂದೆ ಬೀಳುತ್ತದೆ. 1967ರ ಜನವರಿ 27ರಂದು ಅಪೊಲೊ ನೌಕೆಯೊಳಗೆ ನೆಲದ ಮೇಲಿನ ಪರೀಕ್ಷೆಯಲ್ಲಿಯೇ ಬೆಂಕಿ ಹೊತ್ತಿ ಮೂವರು ಯಾತ್ರಿಗಳು ಸತ್ತರು. 2003ರ ಫೆಬ್ರವರಿ 1ರಂದು ಕೊಲಂಬಿಯ ನೌಕೆ ಮರಳುವಾಗ ಒಡೆದು, ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರನ್ನೊಳಗೊಂಡು ಏಳು ಮಂದಿ ಮಡಿದರು. ನಿಲ್ದಾಣದ ಮುಖ್ಯ ಭಾಗವನ್ನು 2004ರ ಫೆಬ್ರವರಿ 19ರೊಳಗೆ ಮುಗಿಸಬೇಕೆಂಬ ದಿನಾಂಕದ ಒತ್ತಡವೂ ನಿರ್ಧಾರಗಳ ಮೇಲೆ ಪರಿಣಾಮ ಮಾಡಿತ್ತೆಂದು ತನಿಖಾ ಮಂಡಳಿ ದಾಖಲಿಸಿತು. ವೇದಿಕೆಯಲ್ಲಿಯೋ ಕಚೇರಿಯಲ್ಲಿಯೋ ಗೊತ್ತಾದ ಒಂದು ದಿನಾಂಕ ಎಷ್ಟು ದೂರ ಹೋಗಿ ಯಾರನ್ನು ಮುಟ್ಟುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ರಾಜ್ಯವಾಗಲು 13,000 ಮಂದಿಯ ಅರ್ಜಿ ಎಂಬ ಮಾತಿನಲ್ಲಿ ಇನ್ನೊಂದು ದೋಷವಿದೆ. ಗಿಂಗ್ರಿಚ್ ಅವರು ಇದಕ್ಕೆ ಮಾದರಿಯಾಗಿ ಹಿಡಿದದ್ದು ಅಮೆರಿಕದ ವಾಯವ್ಯ ಪ್ರದೇಶಗಳನ್ನು ರಾಜ್ಯಗಳಾಗಿಸಿದ 1787ರ ಶಾಸನ. ಆ ಪ್ರದೇಶಗಳಲ್ಲಿ ಮೂಲನಿವಾಸಿಗಳಿದ್ದರು. ಅವರ ಸೋಲಿನ ಮೇಲೆ ಆ ರಾಜ್ಯಗಳು ಎದ್ದವು. ಚಂದ್ರನಲ್ಲಿ ಯಾರೂ ಇಲ್ಲ, ಆದ್ದರಿಂದ ಹಿಂಸೆಯ ಪ್ರಶ್ನೆಯಿಲ್ಲ ಎನ್ನಬಹುದು. ಆದರೆ ಬಾಹ್ಯಾಕಾಶವನ್ನೂ ಚಂದ್ರನನ್ನೂ ಯಾವ ದೇಶವೂ ತನ್ನದೆಂದು ವಶಪಡಿಸಿಕೊಳ್ಳಬಾರದೆಂದು 1967ರಲ್ಲಿ ಸಹಿಯಾದ ಒಪ್ಪಂದ ಹೇಳುತ್ತದೆ. ಆ ಒಪ್ಪಂದಕ್ಕೆ ಅಮೆರಿಕವೂ ಬದ್ಧ, ಭಾರತವೂ ಬದ್ಧ. ಸ್ವಂತ ದೇಶ ಸಹಿ ಮಾಡಿ ಕೊಟ್ಟ ಮಾತನ್ನು ಮುರಿಯದೆ ನೆರವೇರಿಸಲಾಗದ ಇನ್ನೊಂದು ಮಾತನ್ನು ಕೊಡುವುದು ಎರಡು ಪಟ್ಟು ಅಸತ್ಯ. ಅಪರಿಗ್ರಹದ ವಿಚಾರ ಬಲ್ಲವರಿಗೆ ಇದರ ಮೂಲ ತಿಳಿಯದಿರದು: ಕೈಗೆ ಎಟುಕದ ವಸ್ತುವನ್ನೂ ನನ್ನದೆನ್ನುವ ಮಮಕಾರ, ಎಟುಕುವ ಮೊದಲೇ ಬೇಲಿ ಹಾಕುತ್ತದೆ.

ಭಾರತದ ಅನುಭವ ಈ ವಿಮರ್ಶೆಗೆ ಎರಡು ಮಗ್ಗುಲನ್ನೂ ಒದಗಿಸುತ್ತದೆ. 2003ರ ಆಗಸ್ಟ್ 15ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಕೆಂಪುಕೋಟೆಯಿಂದ, 2008ರೊಳಗೆ ಭಾರತದ ನೌಕೆ ಚಂದ್ರನತ್ತ ಹೋಗುವುದೆಂದೂ ಅದರ ಹೆಸರು ಚಂದ್ರಯಾನವೆಂದೂ ತಿಳಿಸಿದರು. ವಿಜ್ಞಾನಿಗಳು ವರ್ಷಗಳ ಕಾಲ ಚರ್ಚಿಸಿ ಸಾಧ್ಯಾಸಾಧ್ಯ ನೋಡಿದ ಮೇಲೆ ಹೊರಟ ಮಾತದು. ಮನುಷ್ಯರಿಲ್ಲದ, ಸುಮಾರು 386 ಕೋಟಿ ರೂಪಾಯಿಯ ಮಿತವಾದ ಕಾರ್ಯ. 2008ರ ಅಕ್ಟೋಬರ್ 22ರಂದು ಅದು ನೆರವೇರಿದಾಗ ವಾಜಪೇಯಿ ಅವರು ಅಧಿಕಾರದಲ್ಲಿರಲಿಲ್ಲ. ಬೇರೆ ಪಕ್ಷದ ಸರಕಾರ ಆ ಮಾತನ್ನು ಉಳಿಸಿತು. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ ಈ ಯಾನಕ್ಕಾಗಿ ನಿಂತ 32 ಮೀಟರಿನ ಆಂಟೆನಾ ಅದಾದ ಮೇಲೂ ಕೆಲಸ ನಿಲ್ಲಿಸಲಿಲ್ಲ. ಚಂದ್ರನ ನೆಲದಲ್ಲಿ ನೀರಿನ ಅಂಶದ ಸುಳಿವು ಸಿಕ್ಕಿದ್ದೂ ಈ ಯಾನದಿಂದಲೇ.

2018ರ ಆಗಸ್ಟ್ 15ರಂದು ಅದೇ ಕೋಟೆಯಿಂದ ಪ್ರಧಾನಿ ನರೇಂದ್ರ ಮೋದಿ ಅವರು, ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷವಾದ 2022ರೊಳಗೆ ಭಾರತದ ಮಗನೋ ಮಗಳೋ ತ್ರಿವರ್ಣ ಧ್ವಜ ಹಿಡಿದು ಆಕಾಶಕ್ಕೆ ಹೋಗುವರೆಂದರು. 2022 ಕಳೆಯಿತು, ಗಗನಯಾನ ನೌಕೆಯಲ್ಲಿ ಯಾರೂ ಹೋಗಲಿಲ್ಲ. ನಡುವೆ ಬಂದ ಮಹಾಮಾರಿಯೂ ಇದಕ್ಕೆ ಕಾರಣವೆಂಬುದನ್ನು ಒಪ್ಪಬೇಕು. 2018ರಲ್ಲಿ ಸುಮಾರು 9,000 ಕೋಟಿ ರೂಪಾಯಿಯೆಂದಿದ್ದ ಅಂದಾಜು 2024ರಲ್ಲಿ ಸುಮಾರು 20,000 ಕೋಟಿಗೆ ಏರಿತು. ಆದರೆ ಇಲ್ಲಿ ಗೌರವದಿಂದ ಹೇಳಬೇಕಾದ ಸಂಗತಿಯೂ ಒಂದಿದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಇಸ್ರೊ ಸಂಸ್ಥೆ ಉತ್ಸವದ ವರ್ಷಕ್ಕಾಗಿ ಪರೀಕ್ಷೆಗಳನ್ನು ಮೊಟಕುಗೊಳಿಸಲಿಲ್ಲ. ಯಾತ್ರಿಗಳನ್ನು ಅಪಾಯದಿಂದ ಪಾರುಮಾಡುವ ವ್ಯವಸ್ಥೆಯ ಹಾರಾಟ ಪರೀಕ್ಷೆಯನ್ನು 2023ರ ಅಕ್ಟೋಬರ್ 21ರಂದು, ಗಡುವು ಕಳೆದ ಮೇಲೆ, ನಡೆಸಿತು. ವಚನ ತಪ್ಪಿತು, ಜೀವ ಉಳಿಯಿತು. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಆರಿಸಬೇಕಾದದ್ದು ಯಾವುದೆಂಬುದರಲ್ಲಿ ಸಂದೇಹವಿಲ್ಲ. ಅಂಥ ಆಯ್ಕೆಗೆ ದಾರಿ ಮಾಡಿದ ದಿನಾಂಕವನ್ನು ಮೊದಲೇ ಘೋಷಿಸಬೇಕಾಗಿತ್ತೆ ಎಂಬುದರಲ್ಲಿ ಸಂದೇಹವಿದೆ. ಚಂದ್ರಯಾನ 3 ಯಶಸ್ವಿಯಾಗಿ ಇಳಿದ ಎರಡು ತಿಂಗಳೊಳಗೆ, 2035ಕ್ಕೆ ಭಾರತದ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂಬ ಹೊಸ ಗಡುವುಗಳು ಹೊರಟಿವೆ. ಅವುಗಳನ್ನು ಅಳೆಯುವ ಕೋಲೂ ಇದೇ.

ಆ ಅಳತೆಯನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಭಾರವನ್ನು ಫಲದ ಜೊತೆಯಲ್ಲಿಯೇ ಹೇಳಲಾಗಿದೆಯೆ? ಅದನ್ನು ಹೊರಬೇಕಾದವರನ್ನು ಕೇಳಿ ಆಡಲಾಗಿದೆಯೆ? ಸಾಧ್ಯವಾಗದಿದ್ದಾಗ ಸಾಧ್ಯವಾಗಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯ ಆಡಿದವನಲ್ಲಿದೆಯೆ? ಕೆನಡಿ ಅವರ ಮಾತು ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ವಾಜಪೇಯಿ ಅವರ ಮಾತು ಎರಡನೆಯದಕ್ಕೆ. ಮೂರನೆಯ ಪ್ರಶ್ನೆಗೆ ತಪ್ಪಿದ ಗಡುವುಗಳ ಈ ಸರಣಿಯಲ್ಲಿ ಉತ್ತರ ದೊರೆಯುವುದು ಅಪರೂಪ. ಹಳೆಯ ದಿನಾಂಕವನ್ನು ತಪ್ಪೆಂದು ಒಪ್ಪಿಕೊಳ್ಳುವ ಬದಲು ಹೊಸ ದಿನಾಂಕದಿಂದ ಮುಚ್ಚುವುದೇ ರೂಢಿಯಾಗಿದೆ.

ಚಂದ್ರನನ್ನು ಅರಿಯುವ ಆಸೆ ನಿಂದ್ಯವಲ್ಲ. ಅಲ್ಲಿಗೆ ಹೋದವರೂ ಹೋಗಲು ಸಿದ್ಧರಾಗುತ್ತಿರುವವರೂ ಶ್ರಮದಿಂದ, ಸಂಯಮದಿಂದ ಬದುಕುವವರೇ. ಅವರ ಶ್ರಮಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಇನ್ನೊಬ್ಬರು ಮುಂಗಡವಾಗಿ ಬಳಸಿಕೊಳ್ಳುವುದಷ್ಟೇ ಆಕ್ಷೇಪಾರ್ಹ. 2021ರ ಜನವರಿ ಬಂದಿತು, ಹೋಯಿತು; ಚಂದ್ರನ ಮೇಲೆ ನೆಲೆಯಾಗಲಿಲ್ಲ. ಆ ದಿನ ಕೋಕೋ ಊರಿನ ಸಭೆಗೆ ಬಂದಿದ್ದವರಲ್ಲಿ ಎಷ್ಟು ಮಂದಿ ಆ ಮಾತನ್ನು ಕೇಳಿ ಮನೆ ಮಾರದೆ ಉಳಿದರೋ, ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆಡಿದ ಮಾತಿನ ನಿಜವಾದ ಬೆಲೆ ಆ ಬರೆಯದ ಲೆಕ್ಕದಲ್ಲಿದೆ.